ತಂಪಿನ ಖೋಲಿಯೊಳಗಿನ ವಾಸನೆ

ನನ್ನ ಮಗಳ ಮೈ ಬೆವರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಬೆವರಿನ ಗ್ರಂಥಿಗಳು ಸರಿಯಾಗಿ ಬೆಳೆದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದಾಗ ಅವಳಿಗೆ ಒಂಬತ್ತು ತಿಂಗಳು. ಅಲ್ಲಿಯವರೆಗೆ ನಾವು ಜ್ವರ ಎಂದುಕೊಂಡದ್ದು ಜ್ವರವಾಗಿರಲಿಲ್ಲ. ಒಳಗಿನ ಕಾವು ಹೊರಬೀಳಲು ದಾರಿಯಿಲ್ಲದೆ ಮೈಯಲ್ಲೇ ನಿಂತುಬಿಡುತ್ತಿತ್ತು. "ಇದಕ್ಕ ಔಷಧ ಇಲ್ರೀ. ತಂಪಾಗಿ ಇಡ್ರಿ, ಅಷ್ಟs" ಎಂದರು ಡಾಕ್ಟರು. ರಾಣೇಬೆನ್ನೂರಿನ ಏಪ್ರಿಲ್ ತಿಂಗಳಲ್ಲಿ ಕೂಸನ್ನು ತಂಪಾಗಿ ಇಡುವುದು ಹೇಗೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗೆ ನಮ್ಮ ಓಣಿಗೆ ಮೊದಲ ಎ.ಸಿ. ಬಂತು. ಹಿಂದಿನ ಖೋಲಿಯ ಒಂದೇ ಕಿಟಕಿಯಲ್ಲಿ ಅದನ್ನು ಕೂರಿಸಿದೆವು. ಮಂಚದಿಂದ ಉರುಳಿ ಬೀಳುತ್ತಾಳೆಂದು ಮಗಳಿಗೆ ಅದರ ಕೆಳಗೆ, ನೆಲದ ಮೇಲೆಯೇ ಗಾದಿ ಹಾಸಿದೆವು. ಬೇಸಿಗೆಯ ಮೂರು ತಿಂಗಳು ಆ ಖೋಲಿಯೇ ಅವಳ ಊರು. ಅತ್ತೆ, ಅಂದರೆ ಮಗಳ ಆಯಿ, ಕದರಮಂಡಲಗಿಯಿಂದ ತಂದ ಆಂಜನೇಯನ ಫೋಟೋವನ್ನು ಕೂಡ ದೇವರ ಮನೆಯಿಂದ ಅಲ್ಲಿಗೇ ಸ್ಥಳಾಂತರಿಸಿದ್ದರು. ಸಂಜೆ ದೀಪ ಹಚ್ಚುವಾಗ ಮೊಮ್ಮಗಳು ಜೊತೆಗಿರಬೇಕೆಂಬುದು ಅವರ ಆಸೆ.

ಮಗಳಿಗೆ ಆರು ತುಂಬಿದ ವರ್ಷ, ಮಾರ್ಚ್ ಕೊನೆಯಲ್ಲಿ ಮಶೀನು ತಂಪು ಕೊಡುವುದನ್ನು ನಿಲ್ಲಿಸಿತು. ಸದ್ದು ಬರುತ್ತಿತ್ತು, ಗಾಳಿಯೂ ಬರುತ್ತಿತ್ತು. ಆದರೆ ಬಿಸಿ ಗಾಳಿ. ಹಾವೇರಿಯಿಂದ ಫ್ರಿಜ್ಜು, ಎ.ಸಿ. ರಿಪೇರಿಯ ಮೆಕ್ಯಾನಿಕ್ ಬಂದರು. ನಲವತ್ತರ ಸುಮಾರಿನ, ಮೆದು ಮಾತಿನ ಮನುಷ್ಯ.

"ಗ್ಯಾಸ್ ಖಾಲಿ ಆಗೇತ್ರಿ ಅಕ್ಕಾರ. ಈ ಹಳೇ ಗ್ಯಾಸ್ ಸರಕಾರದವ್ರು ಬಂದ್ ಮಾಡ್ಯಾರ. ಆಕಾಶದಾಗ ತೂತು ಬೀಳ್ತೈತಂತ ಅದರಿಂದ. ಹೊಸಾ ಗ್ಯಾಸು ಈ ಮಶೀನಿಗೆ ನಡ್ಯಂಗಿಲ್ಲ."

"ಹಂಗಾರ ಮಶೀನ್ ಒಗದುಬಿಡಬೇಕೇನ್ರಿ?"

"ಯಾಕ ಒಗೀತೀರಿ? ನನ್ನ ಕಡೆ ಬ್ಯಾರೆ ಒಂದು ಐತಿ. ಹಳೇ ಮಶೀನಿಗೆ ಚೊಲೋ ಹೊಂದತೈತಿ. ಮದ್ಲಿಗಿಂತಾ ಜಾಸ್ತಿ ತಂಪು."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಓಝೋನ್ ಪದರ, ಅದನ್ನು ತಿನ್ನುವ ಅನಿಲಗಳು, ದೇಶದೇಶಗಳು ಸೇರಿ ಮಾಡಿಕೊಂಡ ಒಪ್ಪಂದ – ಪ್ರತಿವರ್ಷ ಕರಿ ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಅದಕ್ಕೇ ಅವರ ಮಾತನ್ನು ತಟ್ಟನೆ ನಂಬಿದೆ. ಪಾಠದಲ್ಲಿ ಓದಿದ್ದು ಮನೆಗೇ ಬಂತಲ್ಲ ಎನಿಸಿತು. ಅವರು ಗೋಣಿಚೀಲ ಸುತ್ತಿದ ಸಿಲಿಂಡರನ್ನು ತಂದರು. ಚೀಲ ಸರಿಸಿ ತೋರಿಸಿ ಎನ್ನಲು ನನಗೆ ಹೊಳೆಯಲಿಲ್ಲ. ಗ್ಯಾಸು ಎಲ್ಲಿಂದ ಸೋರಿಹೋಯಿತು ಎಂದು ಕೇಳಲೂ ಹೊಳೆಯಲಿಲ್ಲ. ಅರ್ಧ ತಾಸಿನಲ್ಲಿ ಖೋಲಿ ತಣ್ಣಗಾಯಿತು. ಮಗಳು ಗಾದಿಯ ಮೇಲೆ ಕುಣಿದಳು. ನಾನು ಅವರಿಗೆ ಚಹಾ ಮಾಡಿ ಕೊಟ್ಟೆ.

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಮಗಳು ಕೇಳಿದಳು: "ಅವ್ವಾ, ಆಯಿ ಇಲ್ಲಿ ಕೊಳತ ಉಳ್ಳಾಗಡ್ಡಿ ಇಟ್ಟಾಳೇನು?"

ನಾನು ಮೂಸಿದೆ. ಇತ್ತು, ಸಣ್ಣಗೆ. ಅಡಿಗೆಮನೆಗೆ ಓಡಿ ಗ್ಯಾಸಿನ ರೆಗ್ಯುಲೇಟರಿಗೆ, ಪೈಪಿಗೆ ಸಾಬೂನಿನ ನೊರೆ ಹಚ್ಚಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆದರೂ ಸಿಲಿಂಡರನ್ನು ಹಿತ್ತಿಲಿಗೆ ಒಯ್ದಿಟ್ಟೆ. ಮರುದಿನವೂ ಖೋಲಿಯಲ್ಲಿ ಅದೇ ವಾಸನೆ. "ಇಲಿ ಸತ್ತಿರಬೇಕು" ಎಂದರು ಅತ್ತೆ. ಇಬ್ಬರೂ ಸೇರಿ ಕಪಾಟು ಸರಿಸಿದೆವು, ಗಾದಿ ಕೊಡವಿದೆವು. ಇಲಿ ಸಿಗಲಿಲ್ಲ.

ಮೂರನೆಯ ದಿನ ಸೋಮವಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನವಾದ್ದರಿಂದ ಯಜಮಾನರು ನಸುಕಿನಲ್ಲೇ ಅಲ್ಲಿನ ತಮ್ಮ ಅಂಗಡಿಗೆ ಹೋಗಿದ್ದರು. ಆಗ ಕರೆಂಟು ಸರದಿಯ ಮೇಲೆ ತೆಗೆಯುತ್ತಿದ್ದರು. ಆ ವಾರ ನಮ್ಮ ಸರದಿ ಮಧ್ಯಾಹ್ನ ಮೂರರಿಂದ ಆರು. ಕರೆಂಟು ಹೋದ ಕೂಡಲೇ ಖೋಲಿಯ ತಂಪು ಹೋಗದಿರಲೆಂದು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಚಾದರ ಸುತ್ತಿ ಒತ್ತುವುದು ನಮ್ಮ ರೂಢಿ. ಮಗಳು ಒಳಗೆ ಮಲಗಿದ್ದಳು. ನಾನು ನಡುಮನೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ.

ಆರಕ್ಕೆ ಇನ್ನೇನು ಸ್ವಲ್ಪ ಹೊತ್ತಿರುವಾಗ ಅತ್ತೆ ಎಣ್ಣೆಯ ಗಿಂಡಿ, ಕಡ್ಡಿಪೆಟ್ಟಿಗೆ ಹಿಡಿದು ಬಂದು ಚಾದರ ಸರಿಸಿ ಬಾಗಿಲು ತೆರೆದರು. ಒಳಗಿನ ಗಾಳಿ ನನ್ನ ಮುಖಕ್ಕೆ ಬಡಿಯಿತು. ಸಣ್ಣಗಿನ ವಾಸನೆಯಲ್ಲ, ದಟ್ಟ ವಾಸನೆ. ಮೂಗಿಗೆ ಮೊದಲು ಗೊತ್ತಾಯಿತು, ಆಮೇಲೆ ತಲೆಗೆ. ಇಲಿಯಲ್ಲ, ಉಳ್ಳಾಗಡ್ಡಿಯಲ್ಲ. ಅಡಿಗೆ ಗ್ಯಾಸು. ಅದು ಗಾಳಿಗಿಂತ ಭಾರ. ಕೆಳಗೆ ಇಳಿಯುತ್ತದೆ, ನೆಲದ ಮೇಲೆ ಹರಡುತ್ತದೆ. ನೆಲದ ಮೇಲೆ ನನ್ನ ಮಗಳಿದ್ದಳು.

ಅತ್ತೆ ಫೋಟೋದ ಮುಂದೆ ನಿಂತು ಕಡ್ಡಿ ಗೀರಿದರು. ಹತ್ತಲಿಲ್ಲ. ಎರಡನೆಯ ಕಡ್ಡಿ ತೆಗೆಯುವಷ್ಟರಲ್ಲಿ ನಾನು ಅವರ ಕೈಗೆ ಹೊಡೆದೆ. ಕಡ್ಡಿಪೆಟ್ಟಿಗೆ ಹಾರಿ ಬಿತ್ತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರಿಗೆ ಎದುರು ಮಾತನ್ನೂ ಆಡಿದವಳಲ್ಲ ನಾನು.

"ಏನs ಇದು, ಹುಚ್ಚು ಹಿಡದೈತೇನು?"

"ಅತ್ತೀ, ಹೊರಗ ನಡ್ರಿ! ಗ್ಯಾಸ್ ತುಂಬೇತಿ! ಏನೂ ಮುಟ್ಟಬ್ಯಾಡ್ರಿ!"

ಮಗಳನ್ನು ಗಾದಿಯಿಂದ ಎಳೆದೆತ್ತಿಕೊಂಡೆ. ಅವಳು ನಿದ್ದೆಗಣ್ಣಲ್ಲೇ ಅತ್ತಳು; ಅತ್ತದ್ದಕ್ಕೇ ನನಗೆ ಜೀವ ಬಂತು. ಅಂಗಳ ದಾಟಿ ರಸ್ತೆಗೆ ಬಂದು ಅತ್ತೆಯ ತೋಳಿಗೆ ಅವಳನ್ನು ಕೊಡುವಾಗ ಇನ್ನೊಂದು ನೆನಪಾಯಿತು. ಕರೆಂಟು. ಆರಕ್ಕೆ ಬರುತ್ತದೆ. ಖೋಲಿಯ ಎ.ಸಿ. ಸ್ವಿಚ್ಚು ಆನ್ ಇದೆ. ನಾವೆಂದೂ ಅದನ್ನು ಆಫ್ ಮಾಡುತ್ತಿರಲಿಲ್ಲ. ಕರೆಂಟು ಬಂದ ಗಳಿಗೆಗೆ ಮಶೀನು ತಾನೇ ಶುರುವಾಗಬೇಕು, ಮಗಳಿಗೆ ಒಂದು ನಿಮಿಷವೂ ಸೆಕೆ ಆಗಬಾರದು ಎಂದು. ಶುರುವಾಗುವಾಗ ಒಳಗೆಲ್ಲೋ ಒಂದು ಕಿಡಿ ಸಾಕು.

ಮೀಟರಿನ ಪೆಟ್ಟಿಗೆ ಮನೆಯ ಮುಂಗೋಡೆಯಲ್ಲಿತ್ತು. ರಸ್ತೆಯಿಂದ ಅಲ್ಲಿಗೆ ಹತ್ತು ಹೆಜ್ಜೆ. ಅತ್ತೆ ಹಿಂದಿನಿಂದ "ಬ್ಯಾಡ, ಹೋಗಬ್ಯಾಡ" ಎಂದು ಕೂಗುತ್ತಿದ್ದರು. ಹೋದೆ. ಪೆಟ್ಟಿಗೆಯ ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಉಗುರು ಕಿತ್ತುಬರುವಂತೆ ಎಳೆದೆ. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಕ್ಕೆ ಜಗ್ಗಿ, ಹಿಂದೆ ನೋಡದೆ ಓಡಿ ಬಂದೆ. ಮಗಳ ತಲೆ ನೇವರಿಸುತ್ತಾ ನಿಂತಿರುವಾಗ ಎದುರು ಮನೆಯ ಟಿ.ವಿ. ಮಾತಾಡತೊಡಗಿತು. ಓಣಿಗೆಲ್ಲ ಕರೆಂಟು ಬಂದಿತ್ತು. ನಮ್ಮ ಮನೆಗೆ ಮಾತ್ರ ಇಲ್ಲ. ಮಗಳನ್ನು ಮಡಿಲಿಗೆಳೆದುಕೊಂಡು ಎದುರು ಮನೆಯ ಕಟ್ಟೆಯ ಮೇಲೆ ಕುಳಿತೆ.

ಮಗಳ ಮೈ ಆಗಲೇ ಕಾಯತೊಡಗಿತ್ತು. ಎದುರು ಮನೆಯವರು ಒದ್ದೆ ಸೀರೆ ತಂದು ಸುತ್ತಿದರು, ಫ್ಯಾನಿನ ಕೆಳಗೆ ಮಲಗಿಸಿದರು. ಒಳಗಿಟ್ಟರೆ ಬೆಂಕಿ, ಹೊರಗಿಟ್ಟರೆ ಕಾವು. ನನ್ನ ಕೂಸಿಗೆ ಈ ಊರಿನಲ್ಲಿ ಇರಲು ಜಾಗವೇ ಇಲ್ಲವೇ ಎನಿಸಿತು.

ಅಲ್ಲಿಂದಲೇ ಯಜಮಾನರಿಗೆ ಫೋನು ಮಾಡಿದೆ. "ಯಾರೂ ಒಳಗ ಹೋಗಬ್ಯಾಡ್ರಿ, ಬಂದೆ" ಎಂದರು. ಬರುವಾಗ ಬೈಕಿನ ಹಿಂದೆ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಬಂದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನಿಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು ಅವರು. ಹಿತ್ತಿಲಿನಿಂದ ಕಿಟಕಿಯ ಹತ್ತಿರ ಹೋಗಿ ಮೂಸಿ ಬಂದರು.

"ಅಡಗಿ ಗ್ಯಾಸs. ನಿಮ್ಮ ಮೆಕ್ಯಾನಿಕ್ ಮಶೀನಿಗೆ ತುಂಬಿದ್ದು ಇದನ್ನs. ಬಾಗಲಾ ಎಲ್ಲಾ ಬಿಚ್ಚಿಡ್ರಿ, ಗಾಳಿ ಆಡಲಿ. ಬ್ಯಾಟರಿ ಸುದ್ದಾ ಒಳಗ ಒಯ್ಯಬ್ಯಾಡ್ರಿ. ಬೆಳಗಾಗಲಿ, ನೋಡೂಣು."

ಮರುದಿನ ನಾಲ್ಕು ಜನ ಸೇರಿ ಮಶೀನನ್ನು ಕಿಟಕಿಯಿಂದ ಇಳಿಸಿ ಮನೆಯ ತೆರೆದ ಮಾಳಿಗೆಗೆ ಹೊತ್ತೊಯ್ದರು. ಉಳಿದ ಗ್ಯಾಸನ್ನು ಅಲ್ಲಿನ ಬಯಲು ಗಾಳಿಗೆ, ಬೆಂಕಿಯಿಂದ ದೂರ ಹಿರಿಯರು ಮೆಲ್ಲಗೆ ಬಿಟ್ಟರು. ಒಳಗಿನ ತಾಮ್ರದ ನಳಿಗೆಯ ಒಂದು ತಿರುವಿನಲ್ಲಿ ಸೂಜಿಮೊನೆಯಷ್ಟು ತೂತು ಸಿಕ್ಕಿತು. ಮೊದಲಿನ ಗ್ಯಾಸು ಹೋದದ್ದೂ ಅಲ್ಲಿಂದಲೇ, ಎರಡನೆಯದು ಸೋರಿದ್ದೂ ಅಲ್ಲಿಂದಲೇ. ಅವರು ಮಶೀನಿನ ಮಗ್ಗುಲಲ್ಲಿದ್ದ ತಗಡಿನ ಪಟ್ಟಿಯ ಧೂಳು ಒರೆಸಿ ನನ್ನನ್ನು ಕರೆದರು.

"ಇಲ್ಲಿ ನೋಡವಾ ತಂಗಿ. ಯಾವ ಗ್ಯಾಸು, ಎಷ್ಟು ತೂಕ ಅಂತ ಕಂಪನಿಯವ್ರು ಬರದಾರ. ಇದನ್ನ ಬಿಟ್ಟು ಬ್ಯಾರೆ ಯಾವ್ದೂ ಇದ್ರಾಗ ಹಾಕಬಾರದು."

"ಆದ್ರ ಅದು ಬಂದ್ ಆಗೇತಂತಲ್ರೀ?"

"ಬಂದ್ ಆಗಾಕತ್ತಿದ್ದು ಹಳೇ ಫ್ರಿಜ್ಜಿನ ಗ್ಯಾಸು. ನಿಂದು ಬ್ಯಾರೆ. ಇದನ್ನ ಮುಂದ ವರ್ಷಾವರ್ಷಾ ಕಡಿಮಿ ಮಾಡ್ಕೊಂತ ಹೋಗ್ತಾರ, ಹೊಸಾ ಮಶೀನು ಬ್ಯಾರೆ ಗ್ಯಾಸಿನವು ಬರ್ತಾವ. ಅಂದ್ರ ನಿನ್ನ ಮಶೀನು ಇವತ್ತs ಒಗಿ ಅಂತ ಯಾರೂ ಹೇಳಿಲ್ಲ. ರಿಪೇರಿಗೆ ಗ್ಯಾಸು ಇನ್ನೂ ಸಿಗತೈತಿ. ಹುಬ್ಬಳ್ಳಿ ಟ್ರೇನಿಂಗಿನಾಗ ನಮಗ ಇದನ್ನs ಬಡದು ಬಡದು ಹೇಳ್ಯಾರ."

"ಉರಿಯೂ ಗ್ಯಾಸು ಮಶೀನಿನಾಗ ಹಾಕs ಬಾರದೇನ್ರಿ?"

"ಅಂಥಾವೂ ಬರ್ತಾವಂತ ಮುಂದ. ಆದ್ರ ಅದಕ್ಕಂತನs ಕಟ್ಟಿದ ಮಶೀನು ಇರ್ತೈತಿ, ಎಷ್ಟು ಹಾಕಬೇಕು, ಎಷ್ಟು ದೊಡ್ಡ ಖೋಲಿ ಬೇಕು, ಎಲ್ಲಾ ಲೆಕ್ಕ ಇರ್ತೈತಿ. ನಿಂದ್ರಾಗ ಅದೇನೂ ಇಲ್ಲ. ಮದ್ಲು ತೂತು ಮುಚ್ಚಿಸು, ಆಮ್ಯಾಲೆ ಗ್ಯಾಸು. ಸಿಲಿಂಡರ್ ಕಣ್ಣಾರೆ ನೋಡಿ, ಮ್ಯಾಲಿಂದು ಓದು. ನೀ ಸಾಲಿ ಕಲಿಸಾಕಿ ಅಲ್ಲೇನು?"

ಆ ಕೊನೆಯ ಮಾತು ಚುಚ್ಚಲೆಂದು ಅವರು ಆಡಿದ್ದಲ್ಲ. ಚುಚ್ಚಿತು.

ನಳಿಗೆ ಬೆಸೆದು, ಸರಿಯಾದ ಗ್ಯಾಸು ತರಿಸಿ ತುಂಬಲು ಮೂರು ದಿನ ಹಿಡಿಯಿತು. ಆ ಮೂರು ದಿನ ಬೆಳಿಗ್ಗೆಯೇ ಮಗಳನ್ನು ಕಟ್ಟಿಕೊಂಡು ಬ್ಯಾಡಗಿಗೆ ಹೋಗುತ್ತಿದ್ದೆ. ಕೋಲ್ಡ್ ಸ್ಟೋರೇಜಿನ ಆಫೀಸಿನ ಒಂದು ಗೋಡೆಯ ಆಚೆಗೆ ಮೆಣಸಿನಕಾಯಿಯ ತಂಪು ಕೋಣೆ. ಮಗಳು ಆ ಗೋಡೆಗೆ ಬೆನ್ನು ಹಚ್ಚಿ ಕೂತು ಬಣ್ಣ ತುಂಬುವಳು. ಬಾಗಿಲು ತೆರೆದಾಗೆಲ್ಲ ಘಾಟು ನುಗ್ಗಿ ಇಬ್ಬರಿಗೂ ಕೆಮ್ಮು. ಪ್ರತಿ ಕೆಮ್ಮಿಗೂ ನಾನು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಅಲ್ಲಿನ ಯಂತ್ರದಲ್ಲಿ ತಂಪಿಗೆಂದು ಬಳಸುವ ಅಮೋನಿಯಾ ಸೋರಿದರೆ ಎಂಬ ಹೊಸ ಭಯವೂ ಅಂಟಿಕೊಂಡಿತು. ಬಾಗಿಲು ಎಲ್ಲಿದೆ, ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕಿಯೇ ಕೂರುತ್ತಿದ್ದೆ.

ಮೂರನೆಯ ದಿನ ಸಂಜೆ ಹಾವೇರಿಯ ಮೆಕ್ಯಾನಿಕ್ ತಾವಾಗಿಯೇ ನಮ್ಮ ಮನೆಗೆ ಬಂದರು. ಸುದ್ದಿ ಮುಟ್ಟಿತ್ತು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕುಳಿತರು.

"ತಪ್ಪಾತ್ರಿ ಅಕ್ಕಾರ. ಗ್ಯಾಸ್ ಬಂದ್ ಅಂತ ಎಲ್ಲಾರೂ ಅನ್ನಾಕತ್ತಿದ್ರು. ಇದನ್ನ ಹಾಕಿದ್ರ ನಡೀತೈತಿ ಅಂತ ಒಬ್ಬಾಂವ ಹೇಳಿದ. ನಡೀತು ಕೂಡ."

ಬೈಯಬೇಕೆಂದು ಎದ್ದು ನಿಂತವಳಿಗೆ ಬೈಗುಳ ಬರಲಿಲ್ಲ. ಬೇರೆಯೇ ಪ್ರಶ್ನೆ ಬಂತು. "ಇನ್ನ ಎಷ್ಟು ಮನಿಯಾಗ ಹಾಕೀರಿ?"

ಅವರು ಬೆರಳು ಮಡಚಿ ಎಣಿಸಿದರು. "ಏಳು" ಎಂದರು. ನಮ್ಮದೂ ಸೇರಿ.

ಮರುದಿನವೇ ಯಜಮಾನರು ಅವರನ್ನೂ ಆ ಹಿರಿಯರನ್ನೂ ಕರೆದುಕೊಂಡು ಹೊರಟರು. ರಾಣೇಬೆನ್ನೂರಿನಲ್ಲಿ ಎರಡು, ಹಾವೇರಿಯಲ್ಲಿ ಮೂರು ಮನೆಯವರು ಕೇಳಿದ ಕೂಡಲೇ ಮಶೀನು ಬಿಚ್ಚಿಸಿದರು. ಹಾವೇರಿಯ ಕೊನೆಯ ಮನೆಯವರು ಮಾತ್ರ ಬಾಗಿಲಲ್ಲೇ ನಿಲ್ಲಿಸಿ, "ಚೊಲೋ ತಂಪು ಕೊಡಾಕತ್ತೇತಿ, ಸುಮ್ಮನ ಕೆಡಿಸಬ್ಯಾಡ್ರಿ" ಎಂದರಂತೆ. ಎಷ್ಟು ಹೇಳಿದರೂ ಒಪ್ಪಲಿಲ್ಲವಂತೆ. ಮೆಕ್ಯಾನಿಕ್ ಕೈಮುಗಿದು ಕೇಳಿದರಂತೆ. ಅದಕ್ಕೂ ಇಲ್ಲ.

ನಮ್ಮ ಖೋಲಿ ಮತ್ತೆ ತಣ್ಣಗಾಯಿತು. ಮಗಳು ಆ ಬೇಸಿಗೆ ದಾಟಿದಳು, ಮುಂದಿನದೂ ದಾಟಿದಳು. ಆದರೆ ಹಾವೇರಿಗೆ ಬಸ್ಸಿನಲ್ಲಿ ಹೋದಾಗೆಲ್ಲ, ಯಜಮಾನರು ಗುರುತು ಹೇಳಿದ್ದ ಆ ಕೊನೆಯ ಮನೆ ಬರುವ ಮೊದಲೇ ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿ ಹಿಡಿಯುತ್ತಿತ್ತು. ಕಿಟಕಿಯಲ್ಲಿ ಮಶೀನು ಕಾಣುತ್ತಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ನೂ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದೆ. ಎರಡು ವರ್ಷದ ಮೇಲೆ ಒಂದು ದಿನ ನೋಡಿದರೆ ಮಶೀನು ಇರಲಿಲ್ಲ. ಕಿಟಕಿಯ ಜಾಗಕ್ಕೆ ರಟ್ಟು ಬಡಿದಿದ್ದರು. ಬಿಚ್ಚಿಸಿದರೋ, ಕೆಟ್ಟಿತೋ, ಇನ್ನೇನಾದರೂ ಆಯಿತೋ. ಇಳಿದು ಹೋಗಿ ಕೇಳಬೇಕೆಂದು ಅರ್ಧ ಎದ್ದೆ. ಬಸ್ಸು ನಿಂತಿತ್ತು, ಬಾಗಿಲೂ ತೆರೆದಿತ್ತು. ಉತ್ತರ ಏನಿರಬಹುದೆಂಬ ಅಂಜಿಕೆಗೆ ಮತ್ತೆ ಕುಳಿತುಬಿಟ್ಟೆ.