ಒಂದೇ ಕೈಯಲ್ಲಿ ಬಿಚ್ಚುವ ಪಟ್ಟಿ

ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಚನ್ನಗಿರಿ ತಂಡದಲ್ಲಿ ಒಂದು ಕಟ್ಟಳೆಯಿದೆ. ಹೊರಡುವ ಮುನ್ನ ಪ್ರತಿಯೊಬ್ಬರೂ ನ್ಯಾಮತಿಯ ತಿಪ್ಪಮ್ಮನಿಗೆ ಚೀಲ ತೋರಿಸಬೇಕು. ಆಕೆ ಮುಲಾಜಿಲ್ಲದೆ ಅದನ್ನು ಜಮಖಾನದ ಮೇಲೆ ಸುರಿಯುತ್ತಾಳೆ. ಛತ್ರಿ, ಸ್ಟೀಲ್ ಡಬ್ಬಿ, ಮೂರನೇ ಜೊತೆ ಬಟ್ಟೆ ಎಲ್ಲ ಮನೆಗೆ ವಾಪಸ್. ಸೋಪಿದ್ದರೆ ಅರ್ಧ ಸಾಕು. ಹೊಸ ಬೂಟು ಹಾಕಿಕೊಂಡು ಬಂದವರಿಗೆ ಬೈಗುಳ ಗ್ಯಾರಂಟಿ, ಯಾಕೆಂದರೆ ದೂರ ನಡೆದರೆ ಕಾಲು ಊದುತ್ತದೆ. ಒಂದು ನಂಬರ್ ದೊಡ್ಡದು, ಹಾಕಿ ಹಾಕಿ ಪಳಗಿದ್ದು ಬೇಕು. ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ಎಲ್ಲ ಮುಗಿದ ಮೇಲೆ ಆಕೆ ಹಿಂದಿನಿಂದ ಬಂದು ಚೀಲ ಹಿಡಿದು ಜೋರಾಗಿ ಜಗ್ಗುತ್ತಾಳೆ. ಸೊಂಟದ ಪಟ್ಟಿ, ಎದೆಪಟ್ಟಿ ಎರಡನ್ನೂ ಒಂದೇ ಕೈಯಲ್ಲಿ ಬಿಚ್ಚಿಕೊಂಡು ಚೀಲದಿಂದ ಆಚೆ ಬರಬೇಕು. ಬರದಿದ್ದವರು ನೆಲಕ್ಕೆ. ನಮ್ಮ ಮುಖಂಡ ಬಸವರಾಜಪ್ಪನವರೇ ಒಮ್ಮೆ ಅಂಗಾತ ಬಿದ್ದರು. ನಾನು ಹೊಟ್ಟೆ ತುಂಬ ನಕ್ಕೆ. ಯಾಕೆಂದು ಹೇಳುತ್ತೇನೆ.

ಈ ಕಟ್ಟಳೆ ಬರುವ ಮೊದಲು ತಿಪ್ಪಮ್ಮ ನಲ್ಲೂರಿನಲ್ಲಿದ್ದಳು. ಅಡಿಕೆ ಸುಲಿಯುವ ಕೂಲಿ. ಗಂಡ ದುರುಗಣ್ಣ ಕುಡಿಯುತ್ತಿರಲಿಲ್ಲ, ಕುಡಿತದ ನೆಪವೂ ಅವನಿಗೆ ಬೇಕಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ಆಕೆಯ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಅವನು ಹೊಸಿಲಿನ ಮೇಲಿಟ್ಟು ತುಳಿದದ್ದು. ದೇವರಿಗೆ ನಡೆಯುತ್ತೇನೆಂದರೆ ಮಾತ್ರ ಊರ ಬಾಯಿಗೆ ಹೆದರಿ ಬಿಡುತ್ತಿದ್ದ. ವರ್ಷದಲ್ಲಿ ಆಕೆ ಏಟು ತಿನ್ನದ ದಿನಗಳೆಂದರೆ ಅವಷ್ಟೇ. ಆ ವರ್ಷ ಹೊರಡುವಾಗ ನನಗೊಬ್ಬಳಿಗೆ ಗುಟ್ಟು ಹೇಳಿದಳು. ಶ್ರೀಶೈಲದಿಂದ ಬಂದ ಮೇಲೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ, ನ್ಯಾಮತಿಯ ತಂಗಿಯ ಮನೆಗೆ ಹೋಗುತ್ತಾಳೆ, ಸೀರೆಗಳನ್ನೆಲ್ಲ ಆಗಲೇ ಕಳಿಸಿದ್ದಾಳೆ.

ಖಾಲಿ ಪೆಟ್ಟಿಗೆ ನೋಡಿ ದುರುಗಣ್ಣನಿಗೆ ತಿಳಿಯಿತು. ಜಗಳೂರು ದಾಟಿ ಬೆಳಗಿನ ಹೊತ್ತು ನಡೆಯುತ್ತಿದ್ದೆವು. ಬೈಕು ಹಿಂದಿನಿಂದ ಬಂದು ನಿಂತಿತು. ಅವನು ಇಳಿದವನೇ ಆಕೆಯ ಬೆನ್ನ ಮೇಲಿನ ಚೀಲಕ್ಕೆ ಕೈ ಹಾಕಿ ಎಳೆದ. ಪಟ್ಟಿಗಳು ಕಂಕುಳಲ್ಲಿ ಸಿಕ್ಕಿಕೊಂಡು ಆಕೆ ಕೈ ಎತ್ತಲಾಗದೆ ಉರುಳಿದಳು. ಡಾಂಬರಿನ ಮೇಲೆ ದರದರ ಎಳೆದ. ಮೊಣಕಾಲಿನ ಚರ್ಮ ಕಿತ್ತು ಬಂತು. ಪಕ್ಕೆಗೆ ಒದ್ದ, ಮತ್ತೆ ಒದ್ದ.

"ಮನಿ ಬಿಟ್ಟು ಹೋಗಾಕೆ ನೋಡ್ತೀಯೇನಲೇ? ಹೆಣ ಆಗಿ ಹೋಗು" ಅಂದ.

ನಾನು ನೀರಿನ ಬಾಟಲಿಯಿಂದ ಅವನ ಕೈಗೆ ಬಡಿದೆ. ತಿರುಗಿ ಗುದ್ದಿದ, ನನ್ನ ತುಟಿ ಒಡೆದು ಬಾಯಿ ತುಂಬ ರಕ್ತ. ಗಂಡಸರು ಇಷ್ಟೊಂದು ಜನ ಇದ್ದರಲ್ಲ, ಮುಂದೆ ಬಂದವರನ್ನು ಬಸವರಾಜಪ್ಪನವರು ತಡೆದರು. ಗಂಡ ಹೆಂಡತಿ ವಿಷಯ, ದೇವರ ಕಾರ್ಯಕ್ಕೆ ಹೊರಟವರು ನಾವು ಕೈ ಹಾಕಬಾರದಂತೆ. ಆ ಮಾತು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ರಸ್ತೆಯ ಮೋರಿಯ ಹತ್ತಿರ ಅವನು ಬೈಕು ನಿಲ್ಲಿಸಿದ್ದ. ಅಲ್ಲಿವರೆಗೂ ಎಳೆದೊಯ್ದ. ತಿಪ್ಪಮ್ಮನ ಬಲಗೈ ಹೇಗೋ ಸೊಂಟದ ಪಟ್ಟಿಗೆ ಎಟುಕಿತು. ಆಮೇಲೆ ಎದೆಪಟ್ಟಿ. ಟಕ್ ಎಂದಿತು. ಮೈಯೆಲ್ಲ ಬಲ ಹಾಕಿ ಎಳೆಯುತ್ತಿದ್ದವನ ಕೈಗೆ ಬರೀ ಚೀಲ ಬಂತು. ಅವನು ಹಿಂದಕ್ಕೆ ಮುಗ್ಗರಿಸಿ, ಮೋರಿಯ ಗಿಡ್ಡ ಕಟ್ಟೆಯ ಮೇಲಿಂದ ಒಣ ಹಳ್ಳದ ಕಲ್ಲಿಗೆ ಬಿದ್ದ. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಪ್ಯಾಂಟು ಸೀಳಿ ತೊಡೆಯ ಎಲುಬು ಬೆಳ್ಳಗೆ ಹೊರಬಂದಿತ್ತು. ಅವನ ಕಿರುಚಾಟ ಕೇಳಿ ನನಗೆ ಸಮಾಧಾನವಾಯಿತು; ಸುಳ್ಳೇಕೆ ಹೇಳಲಿ.

ತಿಪ್ಪಮ್ಮ ಕುಂಟುತ್ತ ಇಳಿದು ಹೋಗಿ ಅವನ ಬಾಯಿಗೆ ನೀರು ಹಾಕಿದಳು. ಅವನಡಿ ಸಿಕ್ಕಿದ್ದ ಚೀಲ ಎಳೆದುಕೊಂಡು ಮೇಲೆ ಬಂದಳು.

ಆಂಬುಲೆನ್ಸ್ ಬಂತು. ಅವನನ್ನು ಮಲಗಿಸಿ, ಇವರ ಜೊತೆ ಯಾರು ಬಂದಿರೋರು, ಹತ್ತಿ ಎಂದು ಆಂಬುಲೆನ್ಸಿನ ಹುಡುಗ ಕೇಳಿದ. ಎಲ್ಲರೂ ಆಕೆಯನ್ನೇ ನೋಡಿದರು. ಹೋಗಮ್ಮ, ಎಷ್ಟಾದರೂ ಗಂಡ, ಶ್ರೀಶೈಲದ ಮಲ್ಲಯ್ಯ ತಪ್ಪು ತಿಳಿಯುವುದಿಲ್ಲ ಎಂದು ಬಸವರಾಜಪ್ಪನವರು ಬುದ್ಧಿ ಹೇಳಿದರು. ಒಂದು ಸಲ ಹತ್ತಿದರೆ ಮತ್ತೆ ಅದೇ ಮನೆ, ಅದೇ ಏಟು ಎಂದು ನನಗೆ ಗೊತ್ತಿತ್ತು.

ತಿಪ್ಪಮ್ಮ ಹರಿದ ಚೀಲ ಬೆನ್ನಿಗೇರಿಸಿದಳು.

"ನಾನು ಇವ್ರ ಜೊತೆ ಬಂದೋಳಲ್ಲ ರೀ. ನಡ್ಕಂಡು ಬಂದೋಳು."

ಹುಡುಗ ಬಾಗಿಲು ಹಿಡಿದು ಕಾಯುತ್ತಲೇ ಇದ್ದ. ಕೊನೆಗೆ ಬಸವರಾಜಪ್ಪನವರೇ ಹತ್ತಿದರು. ನಾವು ತಿಪ್ಪಮ್ಮನ ಹಿಂದೆ ನಡೆದೆವು.