ಕೀಲು ಕಾಣದ ಡಬ್ಬಿ

ಕ್ರೈಸ್ಟ್‌ಚರ್ಚ್‌ನ ಶ್ರೀಪಾದ ಅಂಕಲ್ ಜನ್ಮದಲ್ಲಿ ಒಂದೂ ಸಿಗರೇಟು ಸೇದಿದವರಲ್ಲ. ಆದರೂ ರಷ್ಯಾದ ಆ ಹಳೆಯ ಮರದ ಸಿಗರೇಟು ಡಬ್ಬಿಯನ್ನು ನೋಡದೆ ಅವರ ಮನೆಯಲ್ಲಿ ಯಾರೂ ಚಹಾ ಕುಡಿದದ್ದಿಲ್ಲ. ಯಾರೋ ಹಳೆ ಸಾಮಾನು ಮಾರಲಿಟ್ಟ ಗರಾಜ್ ಸೇಲಿನಲ್ಲಿ ಸಿಕ್ಕ ಅದನ್ನು ಬಂದವರ ಅಂಗೈಗಿಟ್ಟು, "ಕೀಲು ಎಲ್ಲದ, ಹುಡುಕ್ರಿ ನೋಡೋಣ" ಎನ್ನುವರು. ಕೀಲನ್ನೂ ಅದೇ ಬರ್ಚ್ ಮರದಲ್ಲಿ ಕೆತ್ತಿ, ಮರದ ಗೆರೆಗಳು ಮುಚ್ಚಳದಿಂದ ತಳಕ್ಕೆ ಎಲ್ಲೂ ತುಂಡಾಗದೆ ಹರಿಯುವಂತೆ ಕೂಡಿಸಿದ್ದರಿಂದ ಯಾರಿಗೂ ಅದು ಸಿಗುತ್ತಿರಲಿಲ್ಲ. "ಕಣ್ಣಿಗೆ ಸಿಗೂದಿಲ್ರಿ, ಬೆರಳಿಗೆ ಸಿಗ್ತದ" ಎಂದು ಹಿಗ್ಗುವರು. ನಲ್ಲಿ ರಿಪೇರಿಗೆ ಬಂದ ಪ್ಲಂಬರನನ್ನೂ ಸಿಂಕಿನ ಕೆಳಗಿನಿಂದ ಎಬ್ಬಿಸಿ ತೋರಿಸಿದವರು. ಪಕ್ಕದ ಮನೆಯವರಂತೂ ಬಾಗಿಲಲ್ಲೇ ಮಾತು ಮುಗಿಸಿ ಹೋಗುವುದನ್ನು ಕಲಿತಿದ್ದರು. "ಸಾಕು ಬಿಡ್ರಿ, ಚಹಾ ಆರ್ತದ" ಎಂದು ಹೆಂಡತಿ ರತ್ನಾ ಗೊಣಗುತ್ತಿದ್ದರು. ಈ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದು ಶ್ರೀಪಾದರ ಬಲಗೈಗೆ ಸ್ಪರ್ಶವೇ ತಿಳಿಯದಂತಾಯಿತು. ಮಾತು ಸರಿಯಿತ್ತು, ಆದರೆ ಡಬ್ಬಿಯ ಸುದ್ದಿಯನ್ನೇ ಅವರು ಎತ್ತಲಿಲ್ಲ. ರತ್ನಾ ಹೆದರಿದ್ದು ಆ ಮೌನಕ್ಕೆ. ಮರ ಒಣಗಬಾರದೆಂದು ಡಬ್ಬಿಗೆ ಕೊಬ್ಬರಿ ಎಣ್ಣೆ ಸವರಿ, ದಿನವೂ ಗಂಡನ ಬಲಗೈಗೆ ಕೊಟ್ಟು, ಏನೂ ಆಗದಿದ್ದಾಗ ಎತ್ತಿಡುತ್ತಿದ್ದರು. ಮೊನ್ನೆ ಬೆಳಿಗ್ಗೆ ಕಿಟಕಿಯಾಚೆ ನೋಡುತ್ತ ಅದನ್ನು ಬಲಗೈಯಲ್ಲಿ ಹಿಡಿದು ಕೂತಿದ್ದ ಶ್ರೀಪಾದರು ಥಟ್ಟನೆ ಸಿಡುಕಿದರು: "ಏನಿದು ಅಂಟಂಟು? ಇದಕ್ಕ ಎಣ್ಣಿ ಹಚ್ಚೀಯೇನ?" ರತ್ನಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. "ಯಾವ ಬೆರಳಿಗೆ ಅಂಟ್ತದರಿ?" ಎಂದು ಮೆಲ್ಲಗೆ ಕೇಳಿದರು. "ಎಲ್ಲಾ ಬೆರಳಿಗೂ!" ಎಂದು ಅವರು ಬೈಯುತ್ತಲೇ ಹೋದರು. ರತ್ನಾ ಕುರ್ಚಿಗೆ ಕುಸಿದು, ಬೈಸಿಕೊಳ್ಳುತ್ತ, ಎದೆ ಹಗುರಾಗುವವರೆಗೂ ನಕ್ಕರು.