ನಾಲ್ಕನೆಯ ಪಾಠ

ದೊಡ್ಡಕ್ಕ ಮೊದಲ ಪಾಠ ತೆರೆದದ್ದು ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ. ಊಟದ ಹೊತ್ತು. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಮೊಬೈಲು. ತುತ್ತು ಬಾಯಿಗೆ ಹೋಗುವುದನ್ನೇ ಮರೆತಿತ್ತು. ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ನರ್ಸ್ ಆಕೆ. ಅಲ್ಲಿದ್ದವರಿಗೆಲ್ಲ ಹಿರಿಯಳಾದ್ದರಿಂದ ಡಾಕ್ಟರಿಗೂ ದೊಡ್ಡಕ್ಕನೇ.

ವಾರ್ಡಿಗೆ ಆಗಷ್ಟೇ ಎರಡು ವೆಂಟಿಲೇಟರುಗಳು ಬಂದಿದ್ದವು. ಅವುಗಳನ್ನು ನಡೆಸಲು ಕಲಿಸುವವರು ಬಂದಿರಲಿಲ್ಲ. ತಂದವನು ಪ್ಲಗ್ ಹಾಕಿ, ದೀಪ ಹತ್ತುವುದನ್ನು ತೋರಿಸಿ, ಸಹಿ ಪಡೆದು ಹೊರಟುಹೋಗಿದ್ದ. ಎಲ್ಲೋ ದೂರದ ವೈದ್ಯರು ಕೆಲವರು ಸೇರಿ ಇಂಥ ವಾರ್ಡಿನವರಿಗೆಂದೇ ಉಚಿತ ಆನ್‌ಲೈನ್ ಪಾಠಗಳನ್ನು ಇಟ್ಟಿರುವುದನ್ನು ದೊಡ್ಡಕ್ಕ ಪತ್ತೆ ಹಚ್ಚಿದ್ದಳು. ಉಸಿರಾಟದ ಯಂತ್ರಕ್ಕೇ ಎಂಟು ಪಾಠ.

“ಏನು ದೊಡ್ಡಕ್ಕ, ನನ್ನ ಕುರ್ಚಿ ಮೇಲೆ ಕಣ್ಣಾ?” ಎಂದು ಡಾಕ್ಟರು ಕಾಲೆಳೆದರು.

“ಅದು ನಿಮಗೇ ಇರ್ಲಿ ಸಾರ್. ಒಂದು ಕಾಲು ಅಲ್ಲಾಡತ್ತೆ.”

ಮೂರು ಪಾಠ ಮುಗಿದಿದ್ದವು. ಆಗ ಊರಿನ ಬೇಕರಿಯವನೊಬ್ಬನನ್ನು ಕರೆತಂದರು. ನ್ಯುಮೋನಿಯಾ, ಮೈಯೆಲ್ಲ ನೀಲಿ. ಕುಳ್ಳ ಮನುಷ್ಯ, ತೂಕ ಮಾತ್ರ ನೂರಹತ್ತು ಕಿಲೋ. ಮೂರು ವಾರ್ಡುಗಳಿಗೆ ಒಬ್ಬರೇ ಡಾಕ್ಟರು. ಗಂಟಲಿಗೆ ಕೊಳವೆ ಇಳಿಸಿ ಬಾಗಿಲತ್ತ ತಿರುಗಿದ್ದರು. “ಒಂದು ಕಿಲೋಗೆ ಇಷ್ಟು ಗಾಳಿ ಅಂತ ನಿಮ್ಮ ಪಾಠದಲ್ಲೇ ಇದೆಯಲ್ಲ, ಹಾಕಿಬಿಡಿ” ಎಂದರು. ಆಕೆ ನೂರಹತ್ತರಿಂದ ಗುಣಿಸಿ ಗುಂಡಿ ತಿರುಗಿಸಿದಳು. ಡಾಕ್ಟರು ಆಮೇಲೆ ಬಂದು ಸಹಿ ಹಾಕಿದರು.

ಮೂರನೆಯ ದಿನ ಬೆಳಗ್ಗೆ ಅವನ ಬಲ ಶ್ವಾಸಕೋಶ ಒಡೆಯಿತು. ಮಧ್ಯಾಹ್ನದೊಳಗೆ ಜೀವ ಹೋಯಿತು.

ವಾರ ಕಳೆದು, ಅದೇ ಮೆಟ್ಟಿಲ ಮೇಲೆ ಕುಳಿತು ದೊಡ್ಡಕ್ಕ ನಾಲ್ಕನೆಯ ಪಾಠ ತೆರೆದಳು. ಮನುಷ್ಯ ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಆದ್ದರಿಂದ ಗುಣಿಸಬೇಕಾದ್ದು ತಕ್ಕಡಿಯ ತೂಕದಿಂದಲ್ಲ, ಎತ್ತರ ಅಳೆದು ತೆಗೆದ ತೂಕದಿಂದ ಎಂದು ಅಲ್ಲಿ ಸಾವಧಾನವಾಗಿ ಹೇಳುತ್ತಿದ್ದರು. ಆಕೆ ಪಾಠ ನಿಲ್ಲಿಸಿ ಲೆಕ್ಕ ಹಾಕಿದಳು. ಬೇಕರಿಯವನ ಎತ್ತರಕ್ಕೆ ಐವತ್ತೈದು ಕಿಲೋ. ತಾನು ತುಂಬಿದ್ದು ಸರಿಯಾಗಿ ಎರಡರಷ್ಟು ಗಾಳಿ.

ಆಕೆ ಹೇಳಿದ್ದನ್ನು ಕೇಳಿ ಡಾಕ್ಟರು ಕೋಣೆಯ ಬಾಗಿಲು ಮುಚ್ಚಿದರು. “ಆ ಕಾಯಿಲೆಗೆ ಹೇಗೂ ಉಳೀತಿರ್ಲಿಲ್ಲವೇನೋ. ಸಹಿ ನನ್ನದು. ಬಾಯಿ ಬಿಡಬೇಡಿ, ಇಬ್ಬರ ಕೆಲಸಕ್ಕೂ ಕುತ್ತು” ಎಂದರು.

“ಹೇಗೂ ಉಳೀತಿರ್ಲಿಲ್ಲ ಅಂತ ಆಣೆ ಮಾಡ್ತೀರಾ ಸಾರ್?”

ಡಾಕ್ಟರು ಮುಂದಿನ ವಾರ್ಡಿಗೆ ಹೊರಟರು.

ಮನೆಯಲ್ಲಿ ಗಂಡನೂ ಅದನ್ನೇ ಹೇಳಿದ. “ಹೋದವನು ಹೋದ. ಅವನ ಹೆಂಡತಿ ಹತ್ತಿರ ಹೋಗಿ ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ, ಮಾರಾಯ್ತಿ?”

ಹನ್ನೊಂದು ದಿನ ಆಕೆ ಮತ್ತಾರಿಗೂ ಹೇಳದೆ ಕೆಲಸಕ್ಕೆ ಹೋಗಿಬಂದಳು. ಹನ್ನೆರಡನೆಯ ದಿನ ಬೇಕರಿಗೆ ಹೋದಳು. ಅವನ ಹೆಂಡತಿ ಗಾಜಿನ ಕಪಾಟು ಒರೆಸುತ್ತಿದ್ದಳು. ದೊಡ್ಡಕ್ಕ ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರ ಹೆಸರು ಮಾತ್ರ ಎತ್ತಲಿಲ್ಲ.

ಒರೆಸುವ ಕೈ ನಿಂತಿತು. “ನೀವು ಬಾಯಿ ಬಿಡದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?”

“ಇಲ್ಲಮ್ಮ.”

“ಹಾಗಾದ್ರೆ ಯಾಕೆ ಹೇಳಿದ್ರಿ? ಇಷ್ಟು ದಿನ ದೇವರನ್ನ ಬೈಕೊಂಡಿದ್ದೆ, ಹೇಗೋ ಸಾಗ್ತಿತ್ತು. ನಿಮ್ಮ ಮನಸ್ಸು ಹಗುರ ಆಯ್ತಾ? ಇನ್ನು ಹೋಗಿ.”

ಹಗುರ ಆಗಿರಲಿಲ್ಲ. ಆದರೂ ಆಕೆ ತಲೆ ತಗ್ಗಿಸಿಕೊಂಡು ಹೊರಬಂದಳು.

ಬೇಕರಿಯವನ ಹೆಂಡತಿಯಿಂದ ದೂರು ಬಂತು, ವಿಚಾರಣೆ ನಡೆಯಿತು. ಸಹಿ ಹಾಕಿದ್ದಕ್ಕೆ ಡಾಕ್ಟರಿಗೆ ವರ್ಗ. ದೊಡ್ಡಕ್ಕನ ಕೆಲಸ ಉಳಿಯಿತು, ರೋಗಿಗಳ ಮೈ ಮುಟ್ಟುವಂತಿಲ್ಲವೆಂಬ ಆದೇಶದೊಂದಿಗೆ.

ಈಗ ಆಕೆ ನೆಲಮಾಳಿಗೆಯ ಉಗ್ರಾಣದಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಚಿ ಕೊಡುತ್ತಾಳೆ. ಎಂಟು ಪಾಠಗಳನ್ನೂ ಮುಗಿಸಿ, ಎರಡನೆಯ ಸಲ ನೋಡುತ್ತಿದ್ದಾಳೆ. ಬೇಕರಿಯ ಬೀದಿಯಲ್ಲಿ ನಡೆಯುವುದಿಲ್ಲ. ಮೇಲಿನ ವಾರ್ಡಿನಿಂದ ಹೊಸ ನರ್ಸುಗಳು ಅವಸರವಾಗಿ ಇಳಿದು ಬಂದರೆ, ಹೊದಿಕೆಯನ್ನು ಕೈಯಲ್ಲೇ ಹಿಡಿದು ಕೇಳುತ್ತಾಳೆ: “ಯಂತ್ರಕ್ಕೆ ಹಾಕಿದೀರಲ್ಲ, ಆ ರೋಗಿ ಎಷ್ಟು ಎತ್ತರ?”

“ಅಯ್ಯೋ ದೊಡ್ಡಕ್ಕ, ಕೊಡಿ, ಮೇಲೆ ಕಾಯ್ತಿದ್ದಾರೆ!”

“ಅಳೆದು ಬಾ. ಆಮೇಲೆ ಕೊಡ್ತೀನಿ.”